ಎಲುಗುಬಂಡದ ಬೆಳಗು

"ಅದೊಂದು ಬ್ಯಾಡ್ರಿ ಅಕ್ಕಾರ. ಅದು ಹಂಗ ಇರ್ಲಿ," ಎಂದ ಮಲ್ಲು.

ಅಷ್ಟರಲ್ಲಿ ದಾನೇಶ್ವರಿ ಚೀಲದ ಬಾಯಿಯ ಗಂಟು ಬಿಚ್ಚಿಯಾಗಿತ್ತು. ಮೂರು ತಿಂಗಳಿಂದ ಮಡಚಿಕೊಂಡೇ ಇದ್ದ ಸಣ್ಣ ಡೇರೆ ಮಾಳಿಗೆಯ ನೆಲದ ಮೇಲೆ ಜಾರಿ ಬಿತ್ತು. ಒಣಹುಲ್ಲು, ಕೆಂಪು ಮಣ್ಣು, ಆರಿದ ಹೊಗೆ. ನಲ್ಲಮಲ ಕಾಡಿನ ವಾಸನೆಯೆಲ್ಲ ನಾಂಪಲ್ಲಿಯ ಆ ಗಲ್ಲಿಯ ಮೇಲೆ ಹರಡಿತು.

ಕೆಳಗೆ ಲಾರಿಗಳ ಸದ್ದು. ವರ್ಷದ ಪ್ರದರ್ಶನ ನುಮಾಯಿಷ್ ಮುಗಿದು ಮೈದಾನದ ಅಂಗಡಿಗಳನ್ನು ಕಿತ್ತೊಯ್ಯುವ ವಾರ ಅದು. ಹರಿದ ಶಾಮಿಯಾನ, ತೂತು ಬಿದ್ದ ತಾಡಪತ್ರಿ ಎಲ್ಲವೂ ಮಲ್ಲುವಿನ ಅಂಗಡಿಗೇ ಬರುತ್ತಿದ್ದವು. ಆದರೂ ಈ ಬೆಳಿಗ್ಗೆ ಅವನ ಹೊಲಿಗೆ ಮಷಿನ್ನು ಸುಮ್ಮನೆ ಕೂತಿತ್ತು. ನಾಳೆ ಶನಿವಾರ ನಸುಕಿಗೆ ನಾಲ್ವರು ಎಲುಗುಬಂಡಕ್ಕೆ ಹೊರಡುವವರಿದ್ದರು. ಅವರ ಡೇರೆಗಳಿಗೆ ಬಿಸಿಲು ತೋರಿಸುವ ಕೆಲಸ ನಡೆದಿತ್ತು.

ಎಲುಗುಬಂಡ ಅಂದರೆ ಕರಡಿಯ ಬಂಡೆ. ಕಾರ್ತಿಕದಲ್ಲಿ ಅದೇ ಬಂಡೆಯಿಂದ ಬಿದ್ದು ರಾಹುಲ ಸತ್ತಿದ್ದ. ರಾತ್ರಿ ಎರಡಕ್ಕೆ ಮೂತ್ರಕ್ಕೆಂದು ಎದ್ದವನು ಕತ್ತಲಲ್ಲಿ ಕಾಲು ಜಾರಿದನೆಂದು ಜೊತೆಗಿದ್ದ ಇಬ್ಬರೂ ಬರೆದುಕೊಟ್ಟಿದ್ದರು. ಒಬ್ಬ ಈ ಮಲ್ಲು. ಇನ್ನೊಬ್ಬ ಅಂಬಾದಾಸ.

ದಾನೇಶ್ವರಿ ಗಚ್ಚಿಬೌಲಿ ಕಡೆಯ ಠಾಣೆಯೊಂದರಲ್ಲಿ ಸಬ್ ಇನ್ಸ್‌ಪೆಕ್ಟರ್. ಇವತ್ತು ಮಾತ್ರ ರಜೆ ಹಾಕಿ, ಇಳಕಲ್ ಸೀರೆ ಉಟ್ಟು ಬಂದಿದ್ದಳು. ಸಾವು ನಡೆದದ್ದು ಬೇರೆ ಜಿಲ್ಲೆಯಲ್ಲಿ. ಅಲ್ಲಿನವರು ಅಪಘಾತವೆಂದು ಕಡತ ಮುಚ್ಚಿ ಎರಡು ತಿಂಗಳಾಗಿತ್ತು. ಇಲ್ಲಿ ಯಾರನ್ನೂ ಏನನ್ನೂ ಕೇಳುವ ಅಧಿಕಾರ ಅವಳಿಗಿರಲಿಲ್ಲ. ರಾಹುಲನ ತಾಯಿ ಪಾರ್ವತಿಬಾಯಿಗೆ ಕೊಟ್ಟ ಮಾತೊಂದು ಬೆನ್ನಿಗಿತ್ತು, ಅಷ್ಟೆ.

ನಿನ್ನೆ ಆ ತಾಯಿ ಮನೆಗೆ ಬಂದು, ಕೊಟ್ಟ ನೀರನ್ನೂ ಮುಟ್ಟದೆ ಕೂತಿದ್ದಳು.

"ದಾನಿ, ಒಂದು ಹೋತು. ಈಗ ಕಾವ್ಯಾನೂ ಅದ ಬಂಡಿಕಲ್ಲಿಗೆ ಹೊಂಟಾಳ. ಅಣ್ಣ ಸತ್ತ ಜಾಗಾ ಕಣ್ಣಿಲೆ ನೋಡಿಲ್ಲ, ನೋಡದ ನನಗ ನಿದ್ದಿ ಬರಂಗಿಲ್ಲ ಅಂತಾಳ. ಅವರಪ್ಪರು ಅಂತೂ ಮಾತ ಬಿಟ್ಟಾರ. ನೀ ಪೊಲೀಸು. ಅವರು ಹೆಂಥಾ ಮಂದಿ ಅಂತ ನೋಡಿ ಒಂದು ಮಾತು ಹೇಳು. ಹೂಂ ಅಂದ್ರ ಕಳಸ್ತೀನಿ. ಊಹೂಂ ಅಂದ್ರ ಹೊಸ್ತಿಲಕ್ಕ ಅಡ್ಡ ಮಲಗ್ತೀನಿ. ನನ್ನ ತುಳಿದು ಹೋಗ್ಲಿ."

ಎದ್ದು ಬಾಗಿಲವರೆಗೆ ಹೋದವಳು ಹೊರಳಿ ನಿಂತಿದ್ದಳು.

"ಅವನ ಕೊಳ್ಳಾಗ ಲಿಂಗ ಇರ್ಲಿಲ್ಲವ್ವ. ಮಣ್ಣಾಗ ಕುಂದ್ರಸೋ ಹೊತ್ತಿಗೆ ಅಯ್ಯನವರು ಹೊಸಾದು ತರಿಸಿ ಕೈಯಾಗ ಇಟ್ರು. ಹುಟ್ಟಿದಾಗ ಕಟ್ಟಿದ್ದು ಎಲ್ಲಿ ಹೋತು?"

ಉಳಿದವರಿಗೆ ಅದು ಹೆತ್ತವಳ ಹಳಹಳಿ. ಬಂಡೆಯಿಂದ ಬಿದ್ದ ಹೆಣ ಐದನೆಯ ದಿನ ಜೇನು ಕೀಳುವವರ ಕಣ್ಣಿಗೆ ಬಿದ್ದಿತ್ತು. ಕಾಡುಪ್ರಾಣಿಗಳು ಬಿಟ್ಟದ್ದನ್ನು ಚೀಲದಲ್ಲಿ ತುಂಬಿ ತಂದಿದ್ದರು. ಕೊರಳ ದಾರ ಎಲ್ಲೋ ಹರಿದು ಬಿದ್ದಿರುತ್ತದೆ ಎಂದು ಎಲ್ಲರೂ ಸುಮ್ಮನಾದರು. ದಾನೇಶ್ವರಿ ಸುಮ್ಮನಾಗಲಾರಳು. ಲಿಂಗಪೂಜೆಯಿಲ್ಲದೆ ಗುಟುಕು ನೀರು ಕುಡಿಯದ ಮನೆಯಲ್ಲಿ ಬೆಳೆದವಳು ಅವಳು. ಆ ಪ್ರಶ್ನೆ ರಾತ್ರಿಯಿಡೀ ಅವಳ ಪಕ್ಕದಲ್ಲೇ ಎಚ್ಚರವಾಗಿ ಮಲಗಿತ್ತು.

ಈಗ ಅವಳು ಮೊಣಕಾಲೂರಿ ಕೂತು ಡೇರೆಯ ಒಳಮೈಯನ್ನು ಹೊರಗೆ ತಿರುಗಿಸಿದಳು. ಒಂದು ಮೂಲೆಯಲ್ಲಿ ಸತ್ತ ಇರುವೆಗಳು. ಒಂದು ಕಡೆ ಮೇಣದ ಕಲೆ. ಆಮೇಲೆ ಜಿಪ್ಪಿನ ಪಕ್ಕದಲ್ಲಿ, ಕೂತವನ ಕೈಗೆಟುಕುವ ಎತ್ತರದಲ್ಲಿ, ಮೂರು ಬಿಳಿ ಗೆರೆ.

ಮೂರು ಬೆರಳು ಎಳೆದಷ್ಟು ಅಗಲ. ಸುಣ್ಣದ ಹಾಗೆ ಒಣಗಿ ಅಂಟಿಕೊಂಡಿತ್ತು. ಮಡಿಕೆಯ ಎದುರು ಬದಿಗೂ ಅದೇ ಗೆರೆಗಳು ಮಸುಕಾಗಿ ಅಚ್ಚೊತ್ತಿದ್ದವು.

ಮೂಸಿ ನೋಡುವ ಅಗತ್ಯವಿರಲಿಲ್ಲ. ಒದ್ದೆ ವಿಭೂತಿಯನ್ನು ಹಣೆಗೆ, ತೋಳಿಗೆ, ಎದೆಗೆ ಹಚ್ಚಿದ ಮೇಲೆ ಬೆರಳಲ್ಲಿ ಒಂದಿಷ್ಟು ಉಳಿಯುತ್ತದೆ. ಕೆಲವರು ಹೊಟ್ಟೆಗೆ ಒರೆಸಿಕೊಳ್ಳುತ್ತಾರೆ, ಕೆಲವರು ಪಂಚೆಗೆ. ರಾಹುಲ ಗೋಡೆಗೆ ಒರೆಸುತ್ತಿದ್ದ. ಪಾರ್ವತಿಬಾಯಿಯ ದೇವರ ಮಾಡದ ಪಕ್ಕದಲ್ಲಿ ಬೆಳ್ಳಗೆ ಮೆತ್ತಿಕೊಂಡಿದ್ದ ಕಲೆಯನ್ನು ದಾನೇಶ್ವರಿ ಕಣ್ಣಾರೆ ಕಂಡಿದ್ದಳು. "ಎಷ್ಟು ಬೈದ್ರೂ ಕೇಳ್ತಿರ್ಲಿಲ್ಲ. ಈಗ ತೊಳೀಬೇಕು ಅಂದ್ರ ಕೈ ಬರವಲ್ದು," ಎಂದಿದ್ದಳು ತಾಯಿ.

"ಮಲ್ಲೂ, ಈ ಡೇರೆ ಯಾವಾಗ ಹೊಲಿದಿದ್ದು?"

"ರಾಹುಲಗ ಅಂತನ ಹೊಲಿದೀನ್ರಿ. ಹೊರಡೋ ಹಿಂದಿನ ದಿನ ಮುಗಿಸಿದ್ದೆ."

"ಆಮ್ಯಾಲೆ ಯಾರಿಗರೆ ಬಾಡಿಗೀಗೆ ಕೊಟ್ಟಿದ್ಯಾ?"

"ಛೇ, ಇಲ್ರಿ! ಅವತ್ತು ಮಡಚಿದ್ದು, ಮತ್ತ ಬಿಚ್ಚೇ ಇಲ್ಲ. ಅಣ್ಣನ ಡೇರೇದಾಗ ಮಲಗ್ತೀನಿ ಅಂತ ಕಾವ್ಯಾ ಹಟ ಹಿಡದಾಳ. ಅದಕ್ಕ ಮ್ಯಾಲೆ ತಂದೆ."

ಹಾಗಾದರೆ ಈ ಬಟ್ಟೆ ಕಂಡದ್ದು ಒಂದೇ ರಾತ್ರಿ. ಶನಿವಾರ ಸಂಜೆ ಕಟ್ಟಿದ್ದು, ಭಾನುವಾರ ಕಿತ್ತದ್ದು. ಅದರ ನಡುವೆ, ಎರಡು ಗಂಟೆಗೆ, ರಾಹುಲ ಸತ್ತನೆಂದು ಕಾಗದದಲ್ಲಿದೆ. ದಾನೇಶ್ವರಿ ಬಟ್ಟೆಯ ತುದಿಯನ್ನು ಆ ಗುರುತಿನ ಮೇಲೆ ಮೆಲ್ಲಗೆ ಹೊದಿಸಿದಳು.

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು.

"ಅರೆ ಮೇಡಂ! ನೀವೂ ಬರಾವ್ರೇನ್ರಿ ನಮ್ಮ ಜೋಡಿ? ಮೊದಲ ಹೇಳ್ತೀನಿ, ಡೇರೇದಾಗ ಜಾಗಾ ಇಲ್ಲ, ಕರಡಿ ಜೋಡಿ ಮಲಗಬೇಕಾಗ್ತೈತಿ!"

ಅಂಬಾದಾಸ ಮೂವತ್ತೈದರ ಎತ್ತರದ ಆಳು. ಮಾದಾಪುರದ ಕಂಪನಿಯೊಂದರಲ್ಲಿ ಕ್ಯಾಬುಗಳ ಉಸ್ತುವಾರಿ. ಶನಿವಾರ ಬಂತೆಂದರೆ ನಾಲ್ಕು ಜನರನ್ನು ಕಟ್ಟಿಕೊಂಡು ಕಾಡು ಹೊಗುವ ಹುಚ್ಚು. ಕೈಯಲ್ಲಿ ತಂತಿಯ ಬುಟ್ಟಿ, ಅದರಲ್ಲಿ ಇರಾನಿ ಹೋಟೆಲಿನ ಮೂರು ಗ್ಲಾಸು ಚಹಾ.

ಒಂದನ್ನು ದಾನೇಶ್ವರಿಗೆ ಕೊಟ್ಟು, ಇನ್ನೊಂದನ್ನು ಮಲ್ಲುವಿನ ಮುಂದೆ ಚಾಚಿದ. ಮಲ್ಲು ತೆಗೆದುಕೊಳ್ಳಲಿಲ್ಲ.

"ಹಿಡಿಯಲೇ. ವಿಷ ಹಾಕಿಲ್ಲ."

"ಪೂಜಿ ಆಗಿಲ್ಲಣ್ಣ."

"ಕೇಳಿದ್ರ್ಯಾ ಮೇಡಂ? ಹೋದ ದೀಪಾವಳಿ ತನಕ ಮುಂಜಾನೆ ಹಾಸಿಗಿ ಮ್ಯಾಲಿಂದ ಏಳೂಕಿಂತ ಮೊದಲ ಚಾ ಬೇಕಿತ್ತು ಸಾಹೇಬಗ. ಈಗ ಸ್ವಾಮಿ ಆಗ್ಯಾನ. ಒಂದು ಮಠಾ ಹುಡುಕ್ರಿ ಇವಂಗ, ನಾವೂ ದಿನಾ ಪ್ರಸಾದಕ್ಕ ಬರ್ತೀವಿ."

ಮಲ್ಲು ನಗಲಿಲ್ಲ. ಅಂಬಾದಾಸ ಅವನ ಪಾಲಿನ ಚಹಾವನ್ನೂ ತಾನೇ ಕುಡಿದು, ಮೊಬೈಲಿನಲ್ಲಿದ್ದ ಪಟ್ಟಿ ತೆಗೆದ.

"ಬಾ, ಒಮ್ಮೆ ಓದಿಬಿಡೂಣು. ಡೇರೆ ಎರಡು. ದೊಡ್ಡದರಾಗ ನಾವಿಬ್ಬರು. ಸಣ್ಣದರಾಗ ಕಾವ್ಯಾ, ಅಕಿ ಗೆಳತಿ ಹರ್ಷದಾ. ಇಬ್ಬರೂ ಕಡ್ಡಿ ಇದ್ದಂಗ ಅದಾರ, ಹಿಡೀತಾರ. ಗೂಟ?"

"ಇಪ್ಪತ್ತನಾಕು. ಹಗ್ಗ ಎರಡು ಸುತ್ತು."

"ಈ ಸಲ ಬಂಡಿ ಮ್ಯಾಲೆ ಕಟ್ಟೂದು ನಕ್ಕೋ, ಬ್ಯಾಡಪಾ. ಕೆಳಗ, ಮರದ ಬುಡಕ."

"ಹೋದ ಸಲಾನೂ ನಾ ಅದನ್ನ ಬಡಕೊಂಡೆ," ಎಂದ ಮಲ್ಲು, ಯಾರ ಮುಖವನ್ನೂ ನೋಡದೆ.

"ಆತಪ್ಪಾ, ಈಗ ಕೇಳಾಕತ್ತೀನಲ್ಲ. ಬ್ಯಾಟರಿ ನಾಕು. ಕರಡಿ ಬಂದ್ರ ಬಡಿಯಾಕ ಡಬ್ಬಿ. ಅರಣ್ಯ ಇಲಾಖೆ ಪರವಾನಗಿ ಈ ಸಲ ಪಕ್ಕಾ ತಗೊಂಡೀನಿ, ಮೇಡಂ ಮುಂದ ಹೇಳಾಕತ್ತೀನಿ ನೋಡು. ಊಟ?"

"ಖಾನಾವಳಿ ಸುಗಲಮ್ಮ ಕಟಕ ರೊಟ್ಟಿ ಬಡದು ಕೊಟ್ಟಾಳ. ಶೇಂಗಾ ಹಿಂಡಿ, ಉಳ್ಳಾಗಡ್ಡಿ."

"ನೀರು? ಮಾಘದಾಗ ಅಲ್ಲಿ ಹಳ್ಳ ಬತ್ತಿರ್ತೈತಿ. ತಲಿಗೆ ಐದು ಲೀಟರು ಹಿಡಿ."

"ನನಗ ಬ್ಯಾರೆ ಎರಡು ಲೀಟರಿಂದು ಒಂದು ಕ್ಯಾನು. ಅದಕ್ಕ ಯಾರೂ ಬಾಯಿ ಹಚ್ಚಬಾರ್ದು."

"ಅದ್ಯಾಕ?"

"ಪೂಜಿ ನೀರು."

ಪಟ್ಟಿಯ ಮೇಲೆ ಓಡುತ್ತಿದ್ದ ಅಂಬಾದಾಸನ ಹೆಬ್ಬೆರಳು ನಿಂತಿತು. ಮುಖದ ನಗು ಇದ್ದಲ್ಲೇ ಒಣಗಿತು.

"ರಾಹುಲನೂ ಹಿಂಗ ಒಂದು ಕ್ಯಾನು ಹೊರತಿದ್ದ," ಎಂದ ಸಣ್ಣ ದನಿಯಲ್ಲಿ.

ದಾನೇಶ್ವರಿ ಗ್ಲಾಸಿನ ತಳದಲ್ಲಿದ್ದ ಚಹಾವನ್ನು ನೋಡುತ್ತಿದ್ದಳು. ಆದರೆ ಅವಳ ಕಣ್ಣು ಆಗಲೇ ಬೇರೊಂದನ್ನು ಹಿಡಿದಿತ್ತು. ಮಲ್ಲುವಿನ ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿದ್ದವು. ಬೆವರಿದ ಕೊರಳು, ಎದೆಯೆಲುಬು, ಎಲ್ಲ ಬಿಸಿಲಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಅಲ್ಲಿ ದಾರವಿರಲಿಲ್ಲ. ಕೊರಳಲ್ಲಿ ಲಿಂಗವಿಲ್ಲದವನು ಕಾಡಿಗೆ ಪೂಜೆಯ ನೀರು ಹೊರುತ್ತಿದ್ದ.

ಅಂಬಾದಾಸನ ಫೋನು ಗುಂಯ್ಗುಟ್ಟಿತು. "ಕಾವ್ಯಾ ಮೆಟ್ರೋ ಇಳಿದಾಳಂತ. ಹಾಸ್ಟೆಲಿಂದ ಬ್ಯಾಗು ಹೊತ್ಕೊಂಡ ಬಂದಾಳ. ಕರಕೊಂಡ ಬರ್ತೀನಿ," ಎಂದು ಅವನು ಎರಡೆರಡು ಮೆಟ್ಟಿಲು ಹಾರಿ ಇಳಿದುಹೋದ.

ಮಾಳಿಗೆಯ ಮೇಲೆ ಇಬ್ಬರೇ ಉಳಿದರು. ದೊಡ್ಡ ಡೇರೆಯ ಬಟ್ಟೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು.

"ಮಲ್ಲೂ, ನಿನ್ನ ಕೊಳ್ಳಾಗ ಲಿಂಗ ಇಲ್ಲ. ಯಾವುದಕ್ಕ ಪೂಜಿ ಮಾಡ್ತಿ?"

ಅವನ ಕೈ ತಾನಾಗಿ ಗುಂಡಿಗಳ ಕಡೆ ಹೋಯಿತು. "ಫೋಟೋಕ್ರಿ. ಬಸವಣ್ಣನ ಫೋಟೋಕ್ಕ."

"ಫೋಟೋಕ್ಕ ಎರಡು ಲೀಟರು ನೀರು ಸುರೀತೀಯೇನು? ಕಾಡಿಗೆ ಫೋಟೋ ಹೊತ್ಕೊಂಡ ಹೋಗಾಂವಾ?"

ದಾನೇಶ್ವರಿ ಸಣ್ಣ ಡೇರೆಯ ತುದಿಯನ್ನು ಎತ್ತಿ ಹಿಡಿದಳು. ಮೂರು ಗೆರೆಗಳ ಮೇಲೆ ಬಿಸಿಲು ಬಿತ್ತು.

"ಇದು ನಿನ್ನ ಹೊಲಿಗಿ. ಇದರ ಮ್ಯಾಲೆ ಇದು ಯಾರದು?"

ಮಲ್ಲು ನೋಡಿದ. ನೋಡುತ್ತಲೇ ಗೋಡೆಗೆ ಒರಗಿದ.

"ಸಂಜೀಕ ಹಚ್ಕೊಂಡಿರಬೇಕ್ರಿ..."

"ಸಂಜೀಕ ಅವ ಬರೇ ಕೈ ಮುಗೀತಿದ್ದ. ವಿಭೂತಿ ಕಲಸೂದು ಮುಂಜಾನಿ ಜಳಕದ ಮ್ಯಾಲೆ, ಒಂದ ಹೊತ್ತು. ಅವರವ್ವ ಇಪ್ಪತ್ತಾರು ವರ್ಷ ನೋಡ್ಯಾಳ. ಒಂದ ಓಣ್ಯಾಗ ಆಡಿ ಬೆಳದ ನೀನೂ ನೋಡಿದಿ." ಅವಳ ದನಿ ಏರಲಿಲ್ಲ. ಏರದ ಆ ದನಿಗೇ ಠಾಣೆಯಲ್ಲಿ ಎಂಥೆಂಥವರೂ ತಲೆ ತಗ್ಗಿಸುತ್ತಿದ್ದರು. "ರಾತ್ರಿ ಎರಡಕ್ಕ ಸತ್ತಾಂವ ಬೆಳಕು ಹರಿದ ಮ್ಯಾಲೆ ಎದ್ದು ಬಂದು ವಿಭೂತಿ ಹಚ್ಕೊಂಡನೇನೋ, ಮಲ್ಲೂ?"

ಕೆಳಗೆ ಲಾರಿಯೊಂದು ಹಾರ್ನು ಬಾರಿಸಿ ಸಾಗಿತು. ಮಲ್ಲು ನಳದ ಹತ್ತಿರ ಹೋಗಿ ಕೈಕಾಲು ತೊಳೆದ. ಮಾಳಿಗೆಯ ಮೂಲೆಯಲ್ಲಿದ್ದ ತಗಡಿನ ಕೋಣೆ ಹೊಕ್ಕು, ಬಿಳಿ ವಸ್ತ್ರದಲ್ಲಿ ಸುತ್ತಿದ್ದ ಸಣ್ಣ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ತಂದ.

"ನಾ ಮುಟ್ಟಂಗಿಲ್ಲ," ಎಂದಳು ದಾನೇಶ್ವರಿ. "ನೀನ ಬಿಚ್ಚು."

ಬೆಳ್ಳಿಯ ಕರಡಿಗೆ. ಲಿಂಗವನ್ನು ಇಡುವ, ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಭರಣಿ. ಅದರ ಒಂದು ಬದಿಯಲ್ಲಿ ಎರಡು ಸಣ್ಣ ತಗ್ಗು. ಎಂಟು ತಿಂಗಳ ಕೂಸು ಹಲ್ಲು ಮೂಡುವಾಗ ಕಚ್ಚಿ ಕಚ್ಚಿ ತೆಳುಬೆಳ್ಳಿಯಲ್ಲಿ ಮಾಡಿದ್ದ ತಗ್ಗುಗಳು. ಪಾರ್ವತಿಬಾಯಿ ಅದನ್ನು ಹೇಳುವಾಗ ಪ್ರತಿ ಸಲವೂ ನಕ್ಕು, ಪ್ರತಿ ಸಲವೂ ಅತ್ತಿದ್ದಳು.

ದಾನೇಶ್ವರಿ ಮೊದಲು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೈ ಮುಗಿದಳು. ಕಣ್ಣು ಮುಚ್ಚಿದಾಗ ಯಾವ ಮಂತ್ರವೂ ನೆನಪಾಗಲಿಲ್ಲ. ಇಷ್ಟು ಚಿಕ್ಕದೊಂದು ವಸ್ತು, ಒಬ್ಬ ಮನುಷ್ಯನ ಹುಟ್ಟಿನಿಂದ ಮಣ್ಣಿನವರೆಗೆ ಜೊತೆ ಹೋಗಬೇಕಾದದ್ದು, ದಾರಿಯಲ್ಲಿ ಹೀಗೆ ಕೈತಪ್ಪಿ ನಿಂತಿದೆಯಲ್ಲ ಎಂಬ ಸಂಕಟವೊಂದೇ ಇತ್ತು. ಕಣ್ಣು ತೆರೆದಾಗ ಅವಳು ಮತ್ತೆ ಪೊಲೀಸಾಗಿದ್ದಳು.

"ಎಲ್ಲಿ ಸಿಕ್ತು?"

"ಬಂಡಿ ಅಂಚಿನ ಕೆಳಗ, ಒಂದು ಮೊಳ ತಗ್ಗಿನ್ಯಾಗ. ಹುಲ್ಲಾಗ ಬಿದ್ದಿತ್ರಿ."

"ಯಾವಾಗ?"

"ಭಾನುವಾರ ಮುಂಜಾನಿ. ಹೊತ್ತು ಇನ್ನೂ ಪೂರ್ತಿ ಹುಟ್ಟಿರ್ಲಿಲ್ಲ." ಅವನ ಮಾತು ಈಗ ತಡೆದು ತಡೆದು ಬರುತ್ತಿತ್ತು. "ಕಲ್ಲು ಉರುಳಿದ ಸಪ್ಪಳಕ್ಕ ಎಚ್ಚರಾತು. ಮುಸ್ಯಾ ಮಂಗ ಇರಬೇಕು ಅಂತ ಸ್ವಲ್ಪ ಹೊತ್ತು ಮತ್ತ ಮಲಗಿದೆ. ಆಮ್ಯಾಲೆ ರಾಹುಲನ್ನ ಕರದೆ. ಓ ಅನ್ನಲಿಲ್ಲ. ಬಂಡಿ ಅಂಚಿಗೆ ಹೋದ್ರ ಚಾಪಿ ಐತಿ, ತಂಬಿಗಿ ಉರುಳೈತಿ, ವಿಭೂತಿ ಐತಿ. ಅವ ಇಲ್ಲ. ಕೆಳಗ ಹುಲ್ಲಾಗ ಇದು. ಇನ್ನೂ ಹಸಿ ಇತ್ರಿ ಅಕ್ಕಾರ. ಅದರ ಮ್ಯಾಲಿನ ನೀರು ಆರಿರ್ಲಿಲ್ಲ."

"ಬಗ್ಗಿ ನೋಡಿದ್ಯಾ?"

"ನೋಡ್ದೆ." ಏನು ಕಂಡನೆಂದು ಅವಳು ಕೇಳಲಿಲ್ಲ.

"ಮತ್ತ ಎರಡು ಗಂಟೆ ಎಲ್ಲಿಂದ ಬಂತು?"

"ಅಂಬಾದಾಸಣ್ಣ ಹೇಳಿದ. ಬೆಳಗಾಗಿತ್ತು ಅಂದ್ರ ಯಾರ್‍ಯಾರು ಎದ್ದಿದ್ರಿ, ಎಲ್ಲಿದ್ರಿ ಅಂತ ಜಾಲಾಡ್ತಾರ. ರಾತ್ರಿ ಎರಡಕ್ಕ ಅಂದ್ರ ಎಲ್ಲಾರೂ ಮಲಗಿದ್ರು, ಮುಗೀತು. ಹಂಗಂದ."

"ನೀ ಒಪ್ಪಿದಿ."

"ಹಿಂದಿನ ಸಂಜೀಕ ನಾನೂ ರಾಹುಲನೂ ಜಗಳಾಡಿದ್ವಿ ಅಕ್ಕಾರ. ಡೇರೆ ಬಂಡಿ ಮ್ಯಾಲೆ ಬ್ಯಾಡ ಅಂತ ನಾನು, ಸೂರ್ಯ ಅಲ್ಲೇ ಕಾಣ್ತಾನ ಅಂತ ಅವ. ಕೊಳ್ಳಪಟ್ಟಿ ಹಿಡಿಯೂ ತನಕ ಹೋಗಿತ್ತು. ಅಣ್ಣ ಅದನ್ನ ನೆನಪು ಮಾಡಿಕೊಟ್ಟ. ಅವಂದು ಲಿಂಗ ಬ್ಯಾರೆ ನನ್ನ ಕಿಸೇದಾಗ. ಯಾರು ನಂಬತಿದ್ರು?"

"ಲಿಂಗ ಸಿಕ್ಕದ್ದು ಅವಗ ಗೊತ್ತೈತಾ?"

"ಯಾರಿಗೂ ಹೇಳಿಲ್ರಿ. ಕಾಡಿನ್ಯಾಗ ಪೂಜಿ ಇಲ್ದ ಬಿಟ್ಟು ಬರಾಕ ಕೈ ಬರ್ಲಿಲ್ಲ. ಅವರವ್ವಗ ಕೊಡಬೇಕಂತ ಮೂರು ಸಲ ಬಾಗಿಲ ತನಕ ಹೋಗಿ ಬಂದೀನಿ. ಎಲ್ಲಿ ಸಿಕ್ತು ಅಂತ ಕೇಳಿದ್ರ ಏನು ಹೇಳಲಿ? ನಂದು ಎಂದೋ ಕಳಕೊಂಡಾಂವ ನಾನು. ಇದನ್ನ ಕೊಳ್ಳಾಗ ಕಟ್ಕೊಳ್ಳಾಕ ಧೈರ್ಯ ಬರ್ಲಿಲ್ಲ. ಬರೇ ಪೂಜಿ ಮಾಡ್ತೀನಿ. ಒಂದು ದಿನ ತಪ್ಸಿಲ್ರಿ." ಅವನು ಮುಂಗೈಯಿಂದ ಮೂಗು ಒರೆಸಿಕೊಂಡ. "ನಾಳಿ ಅಲ್ಲೇ ಕೊನೀ ಪೂಜಿ ಮಾಡಿ, ಬರೂವಾಗ ಕೃಷ್ಣಾ ನದಿಗೆ ಬಿಡಬೇಕು ಅಂತಿದ್ದೆ. ಅದಕ್ಕ ಹೊಂಟಿದ್ದು."

"ನೀ ನೂಕಿದ್ಯಾ, ಮಲ್ಲೂ?"

ಅವನು ಬೆಚ್ಚಿ ತಲೆಯೆತ್ತಿದ. ಲಿಂಗವಿದ್ದ ಕೈಯನ್ನು ಮುಂದೆ ಚಾಚಿದ.

"ಇದು ಕೈಯಾಗ ಐತಿ. ಇದರ ಮುಂದ ಸುಳ್ಳ ಹೇಳಂಗಿಲ್ಲ. ನಾ ನೂಕಿಲ್ಲ."

ಅಪರಾಧಿಗಳು ಆಣೆ ಮಾಡುವುದನ್ನು ದಾನೇಶ್ವರಿ ಹದಿನೇಳು ವರ್ಷದಿಂದ ಕೇಳುತ್ತಿದ್ದಳು. ಮಕ್ಕಳ ಮೇಲೆ, ತಾಯಿಯ ಮೇಲೆ, ತಿರುಪತಿ ತಿಮ್ಮಪ್ಪನ ಮೇಲೆ. ಅವುಗಳಿಗೆ ಅವಳು ಕಿವಿಗೊಡುತ್ತಿರಲಿಲ್ಲ. ಆದರೆ ಇವನು ನೂಕಿದ್ದರೆ, ನೂಕಿದ ಕೈಯಿಂದಲೇ ಮೂರು ತಿಂಗಳು ಅದಕ್ಕೆ ನೀರೆರೆದು ಕೂರುವ ಎದೆ ಇವನಿಗಿತ್ತೇ? ಇರಲೂಬಹುದು. ಮನುಷ್ಯನ ಒಳಗು ದೇವರಿಗೂ ಸವೆಸಲಾಗದ ದಾರಿ. ಅವಳು ತೀರ್ಪನ್ನು ಪಕ್ಕಕ್ಕಿಟ್ಟು ಮುಂದಿನ ಪ್ರಶ್ನೆ ಕೇಳಿದಳು.

"ನಿನಗ ಎಚ್ಚರಾದಾಗ ಅಂಬಾದಾಸ ಎಲ್ಲಿದ್ದ?"

ಮಲ್ಲು ಮೆಟ್ಟಿಲ ಕಡೆ ಒಮ್ಮೆ ನೋಡಿದ.

"ಹಾಸಿಗಿ ಖಾಲಿ ಇತ್ತು. ಮುಟ್ಟಿ ನೋಡಿದೆ, ತಣ್ಣಗಿತ್ತು. ಅಂದ್ರ ಎದ್ದು ಭಾಳ ಹೊತ್ತಾಗಿತ್ತು. ಆಮ್ಯಾಲೆ ಕೆಳಗಿನ ಕಾಲ್ದಾರಿಂದ ಬಂದ, ತೇಕ್ಕೋತ. ಬೂಟು, ಪ್ಯಾಂಟು ಎಲ್ಲಾ ಇಬ್ಬನಿಗೆ ತೊಯ್ದಿದ್ವು."

"ಎಲ್ಲಿ ಹೋಗಿದ್ದನಂತ?"

"ಕೇಳ್ದೆ. ಬೈಲಕಡೀಗೆ ಅಂದ. ಬೈಲಕಡೀಗೆ ಹೋದವ ಒಂದು ತಾಸು ಇಳಿದು ಏರತಾನೇನ್ರಿ?"

ಸಾಕು ಎನಿಸಿತು ದಾನೇಶ್ವರಿಗೆ. ಯಾರಾದರೂ ನೂಕಿದರೋ, ತಾನೇ ಜಾರಿದನೋ ಎಂದು ಅವಳಿಗೆ ಇನ್ನೂ ಗೊತ್ತಿರಲಿಲ್ಲ. ಆದರೆ ಇವರಿಬ್ಬರಲ್ಲಿ ಒಬ್ಬ ಮೂರು ತಿಂಗಳು ಲಿಂಗ ಬಚ್ಚಿಟ್ಟಿದ್ದ, ಇನ್ನೊಬ್ಬ ಸಾವಿನ ಗಂಟೆಯನ್ನೇ ಬದಲಿಸಿದ್ದ. ಇವರ ನಡುವೆ, ಆ ಬಂಡೆಯ ಬುಡದಲ್ಲಿ, ಪಾರ್ವತಿಬಾಯಿಯ ಉಳಿದೊಬ್ಬ ಮಗಳು ನಾಳೆ ರಾತ್ರಿ ಕಣ್ಣು ಮುಚ್ಚಿ ಮಲಗುವುದು ಸಾಧ್ಯವಿರಲಿಲ್ಲ.

ಅವಳು ಮಾಳಿಗೆಯ ಆ ತುದಿಗೆ ಹೋಗಿ ಫೋನು ಹಚ್ಚಿದಳು. ಒಂದೇ ರಿಂಗಿಗೆ ಎತ್ತಿದರು.

"ಪಾರ್ವತಕ್ಕ."

"ಹೇಳವ್ವ."

"ಊಹೂಂ."

ಆ ಕಡೆಯಿಂದ ನೀಳವಾದ ಒಂದು ಉಸಿರು. "ಶಿವ ಕಾಯ್ದ," ಎಂದಳು ಪಾರ್ವತಿಬಾಯಿ. "ಆಕಿ ಅಲ್ಲೇ ಬರ್ತಾಳಂತಲ್ಲ, ನಿನ್ನ ಜೋಡಿನ ಕರಕೊಂಡ ಬಾ. ಕೈ ಬಿಡಬ್ಯಾಡ."

"ಬಿಡಂಗಿಲ್ಲ."

ಫೋನು ಇಟ್ಟು ತಿರುಗಿದಾಗ ಕಾವ್ಯಾ ಮೆಟ್ಟಿಲ ಬಾಯಲ್ಲಿ ನಿಂತಿದ್ದಳು. ಬೆನ್ನಿಗೆ ತನ್ನಷ್ಟೇ ದೊಡ್ಡ ಚೀಲ. ಅಣ್ಣನ ಹೋಲಿಕೆಯ ಉದ್ದ ಮುಖ, ನಿದ್ದೆಯಿಲ್ಲದೆ ಒಳಸೇರಿದ ಕಣ್ಣು. ಅವಳ ಹಿಂದೆ ಎರಡು ಮೆಟ್ಟಿಲು ಕೆಳಗೆ ಅಂಬಾದಾಸ.

"ಅಕ್ಕಾರ, ನೀವಿಲ್ಲಿ?" ಎಂದು ಶುರು ಮಾಡಿದವಳ ಮಾತು ಅಲ್ಲೇ ಕಡಿಯಿತು.

ಮಲ್ಲುವಿಗೆ ವಸ್ತ್ರ ಮುಚ್ಚಲು ಹೊತ್ತು ಸಿಕ್ಕಿರಲಿಲ್ಲ. ಅವನ ಅಂಗೈ ಮೇಲೆ ಬೆಳ್ಳಿ ಬಿಸಿಲಿಗೆ ಹೊಳೆಯಿತು.

ಕಾವ್ಯಾ ಚೀಲವನ್ನು ಬೆನ್ನಿನಿಂದ ಕಳಚಿದಳು. ಅದು ಧಪ್ಪನೆ ಬಿದ್ದದ್ದೂ ಅವಳಿಗೆ ತಿಳಿದಂತಿರಲಿಲ್ಲ. ಚಪ್ಪಲಿ ಅಲ್ಲೇ ಬಿಟ್ಟು, ದುಪಟ್ಟಾ ತಲೆಗೆ ಹೊದ್ದು, ನಿದ್ದೆಯಲ್ಲಿ ನಡೆಯುವವಳ ಹಾಗೆ ಬಂದು ಮಲ್ಲುವಿನ ಮುಂದೆ ಕುಸಿದು ಕೂತಳು. ಆ ಎರಡು ತಗ್ಗುಗಳನ್ನು ದೂರದಿಂದಲೇ ಬೆರಳಲ್ಲಿ ಎಣಿಸಿದಂತೆ ಮಾಡಿದಳು.

"ಮಲ್ಲಣ್ಣ, ಇದು ಎಲ್ಲಿತ್ತೋ?"

"ಬಂಡಿ ಕೆಳಗ, ತಂಗಿ. ಹುಲ್ಲಾಗ."

"ಹುಲ್ಲಾಗ." ಅವಳು ತನ್ನ ಉಗುರುಗಳನ್ನು ನೋಡಿಕೊಂಡಳು. "ಹುಲ್ಲಾಗ ನೋಡ್ಲೇ ಇಲ್ಲಲ್ಲೋ ನಾನು. ಬಂಡಿ ಮ್ಯಾಲಷ್ಟ ಹುಡುಕಿದೆ. ಸಂದಿ ಸಂದ್ಯಾಗ ಕೈ ಹಾಕಿ ಹುಡುಕಿದೆ, ಉಗುರು ಕಿತ್ತು ಬರೂ ತನಕ. ನಾಳಿ ಮತ್ತ ಹುಡುಕೂಣು ಅಂತನ..."

ಅವಳು ನಿಲ್ಲಿಸಿದಳು. ತಾನು ಆಡಿದ್ದು ತನ್ನ ಕಿವಿಗೇ ಆಗ ಬಿದ್ದಂತಿತ್ತು.

ದಾನೇಶ್ವರಿಯ ಕೈಯಲ್ಲಿ ಫೋನು ಇನ್ನೂ ಬೆಚ್ಚಗಿತ್ತು. ಹೆಣ ತಂದದ್ದು ಗುಡ್ಡದ ಬುಡದ ಹಳ್ಳಿಗೆ. ಮನೆಯವರು ಯಾರೂ ಮೇಲೆ ಹತ್ತಿರಲಿಲ್ಲ. ಈ ಹುಡುಗಿ ಹಾಸ್ಟೆಲಿನಿಂದ ನೇರ ಸ್ಮಶಾನಕ್ಕೆ ಬಂದಿದ್ದಳು. ಅಣ್ಣ ಸತ್ತ ಜಾಗವನ್ನು ಕಣ್ಣಿಂದ ನೋಡಿಲ್ಲವೆಂದು ತಾಯಿಯ ಮುಂದೆ ಅತ್ತವಳು ಇವಳೇ.

"ಕಾವ್ಯಾ," ಎಂದ ಅಂಬಾದಾಸ ಮೆಟ್ಟಿಲಿನಿಂದ. ಅವನ ದನಿಯಲ್ಲಿ ಗದರಿಕೆಯಿರಲಿಲ್ಲ. ಕೈ ಮುಗಿದು ಬೇಡುವವನ ದನಿ ಅದು. "ಕೆಳಗ ನಡಿ. ಒಂದೂ ಮಾತಾಡಬ್ಯಾಡ. ನಿನಗ ನನ್ನ ಆಣಿ."

ಕಾವ್ಯಾ ಅವನ ಕಡೆ ತಿರುಗಲಿಲ್ಲ.

"ಯಾವತ್ತು ಹುಡುಕಿದಿ, ತಂಗಿ?" ದಾನೇಶ್ವರಿ ಅವಳ ಪಕ್ಕದಲ್ಲಿ ಕೂತು, ಕೂಸನ್ನು ಕೇಳುವ ಹಾಗೆ ಕೇಳಿದಳು. "ಅವ ಬಿದ್ದ ಮ್ಯಾಲೆ ಎಷ್ಟು ದಿನಕ್ಕ?"

ಹುಡುಗಿ ಲಿಂಗದಿಂದ ಕಣ್ಣು ತೆಗೆಯದೆ ನಿಧಾನವಾಗಿ ತಲೆಯಾಡಿಸಿದಳು.

"ದಿನ ಎಲ್ಲಿ ಬಂತ್ರಿ ಅಕ್ಕಾರ," ಎಂದಳು. "ಅವತ್ತ ನಸುಕಿನ್ಯಾಗ ಅಂಬಾದಾಸ ನನ್ನ ಬಂಡಿ ಮ್ಯಾಲೆ ಕರಕೊಂಡ ಬಂದಿದ್ದ. ಪೂಜಿಗೆ ಕುಂತಾಗ ಅಣ್ಣ ನನ್ನ ಕಡೀಗೆ ಮಾರಿ ಮಾಡಿ ಕುಂತಿದ್ದ."